ಡಾಮರು ರಸ್ತೆಯ ಉದ್ದಸಂದು: ಹಾಕುವಾಗಿನ ಎಚ್ಚರ, ಹಾಕಿದ ಮೇಲಿನ ಆರೈಕೆ

ಮಳೆ ನಿಂತು ಅರ್ಧ ಗಂಟೆ ಬಿಸಿಲು ಬಿದ್ದ ಮೇಲೆ ಕಾಸರಗೋಡಿನ ಕಡೆಯ ಯಾವುದಾದರೊಂದು ಎರಡು ಪಥದ ಡಾಮರು ರಸ್ತೆಯ ಬದಿಯಲ್ಲಿ ನಿಂತು ನೋಡಿ. ರಸ್ತೆಯ ಮೈ ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದರೂ ನಟ್ಟನಡುವೆ ಗೇಣಗಲದ ಕಪ್ಪು ಪಟ್ಟಿಯೊಂದು ಒದ್ದೆಯಾಗಿಯೇ ಉಳಿದಿರುವುದು ಹಲವು ಕಡೆ ಕಣ್ಣಿಗೆ ಬೀಳುತ್ತದೆ. ಅದು ಎಣ್ಣೆಯ ಕಲೆಯಲ್ಲ. ರಸ್ತೆಯ ಮೊದಲ ಅರ್ಧವೂ ಎರಡನೆಯ ಅರ್ಧವೂ ಕೂಡುವ ಜಾಗ ಅದು. ಅಲ್ಲಿ ನೀರು ಒಳಗಿಳಿದು ಕುಳಿತಿದೆ, ವಾಹನ ಹೋದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಜಿನುಗುತ್ತಿದೆ. ಕೆಲಸದ ಜಾಗದಲ್ಲಿ ಇದನ್ನು ಎಲ್ಲರೂ ಜಾಯಿಂಟ್ ಎಂದೇ ಕರೆಯುತ್ತಾರೆ. ದಿನದ ಕೆಲಸ ನಿಲ್ಲಿಸಿದಲ್ಲಿ ಬರುವ ಅಡ್ಡ ಜಾಯಿಂಟಿನಿಂದ ಬೇರೆಯಾಗಿ ತಿಳಿಯಲಿ ಎಂದು ಇಲ್ಲಿ ಇದನ್ನು ಉದ್ದಸಂದು ಎಂದು ಬರೆದಿದ್ದೇನೆ.

ಡಾಮರು ಹಾಕುವ ದಿನ ರಸ್ತೆಯ ಮೇಲೆ ನಿಲ್ಲುವವರಿಗಾಗಿ, ಅಂದರೆ ಓವರ್‌ಸಿಯರ್‌ಗಳು, ಸಣ್ಣ ಗುತ್ತಿಗೆದಾರರು, ಮೇಸ್ತ್ರಿಗಳು ಮತ್ತು ತಮ್ಮ ವಾರ್ಡಿನ ರಸ್ತೆಯ ಕೆಲಸವನ್ನು ಬಿಸಿಲಿಗೆ ಕೊಡೆ ಹಿಡಿದು ನೋಡುವ ಪಂಚಾಯತು ಸದಸ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪತ್ರಿಕೆಗಳು ಮೆಕ್ಕಡಾಂ ಡಾಮರೀಕರಣ ಎಂದು ಬರೆಯುವ, ಕೆಳಗೆ ಬಿಎಂ (ಬಿಟುಮಿನಸ್ ಮೆಕ್ಕಡಾಂ) ಪದರ, ಮೇಲೆ ಬಿ.ಸಿ. (ಬಿಟುಮಿನಸ್ ಕಾಂಕ್ರೀಟ್) ಪದರ ಇರುವ ರಸ್ತೆಗಳನ್ನೇ ಮುಖ್ಯವಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಹೆದ್ದಾರಿಗೂ ಇದೇ ನಿಯಮಗಳು ಅನ್ವಯಿಸುತ್ತವೆ.

ನಡುವೆಯೇ ಏಕೆ ಕೀಳುತ್ತದೆ

ಒಂದೇ ಪ್ಲಾಂಟಿನ ಮಿಶ್ರಣ, ಅದನ್ನು ಹರಡುವ ಒಂದೇ ಪೇವರ್, ಒಂದೇ ರೋಲರ್. ಆದರೂ ರಸ್ತೆ ಮೊದಲು ಕೀಳುವುದು ಸಂದಿನಲ್ಲಿಯೇ. ಜನ ಇದನ್ನು ಕಂಡು ಡಾಮರು ಕಡಿಮೆ ಹಾಕಿದ್ದಾರೆ ಎನ್ನುತ್ತಾರೆ. ಕೆಲವೊಮ್ಮೆ ಅದೂ ನಿಜವಿರಬಹುದು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಬೇರೆ. ಬಿಸಿ ಮಿಶ್ರಣವು ರೋಲರಿನ ಭಾರಕ್ಕೆ ಸಿಕ್ಕಿದಾಗ ಕೆಳಕ್ಕೆ ಅದುಮಿಕೊಳ್ಳುವುದರ ಜೊತೆಗೆ ಬದಿಗೂ ಸರಿಯಲು ನೋಡುತ್ತದೆ. ಪಥದ ನಡುಭಾಗದಲ್ಲಿ ಎರಡೂ ಪಕ್ಕದ ಮಿಶ್ರಣವೇ ಅದಕ್ಕೆ ಗೋಡೆಯಾಗಿ ನಿಲ್ಲುವುದರಿಂದ ಅದು ಗಟ್ಟಿಯಾಗುತ್ತದೆ. ಮೊದಲ ಅರ್ಧದ ಒಳ ಅಂಚಿಗೆ ಆಚೆಯ ಕಡೆ ಯಾವ ಆಸರೆಯೂ ಇರುವುದಿಲ್ಲ. ಸೇರಿಗೆ ಅಕ್ಕಿ ತುಂಬಿ ಅದುಮಿದರೆ ಬಿಗಿಯುತ್ತದೆ, ಅದೇ ಅಕ್ಕಿಯನ್ನು ಗೆರಸೆಯಲ್ಲಿ ರಾಶಿ ಹಾಕಿ ಅದುಮಿದರೆ ಹರಡಿಕೊಳ್ಳುತ್ತದೆ. ಅಂಚಿನಲ್ಲಿ ಆಗುವುದೂ ಇದೇ. ಮರುದಿನ ಎರಡನೆಯ ಅರ್ಧವನ್ನು ಎಷ್ಟೇ ಚೆನ್ನಾಗಿ ಹಾಕಿದರೂ ತಣ್ಣಗಾದ ಮೊದಲ ಅಂಚು ಮತ್ತೆ ಬಿಗಿಯಾಗುವುದಿಲ್ಲ. ಆದ್ದರಿಂದ ಸಂದಿನ ಆಯುಸ್ಸು ನಿರ್ಧಾರವಾಗುವುದು ಸಂದು ಕೂಡುವ ಹೊತ್ತಿನಲ್ಲಲ್ಲ, ಅದಕ್ಕೆ ಎಷ್ಟೋ ಗಂಟೆಗಳ ಮೊದಲು, ಎಲ್ಲರ ಗಮನ ಬೇರೆ ಕಡೆ ಇರುವಾಗ.

ಪ್ರಯೋಗಾಲಯದಲ್ಲಿ ಮಿಶ್ರಣದ ವಿನ್ಯಾಸವನ್ನು ಸುಮಾರು ಶೇ. 4ರಷ್ಟು ಗಾಳಿರಂಧ್ರ ಉಳಿಯುವಂತೆ ಮಾಡುತ್ತಾರೆ. ಹೊಸದಾಗಿ ಹಾಕಿದ ರಸ್ತೆಯ ಮೈಯಲ್ಲಿ ಶೇ. 6ರಿಂದ 8ರವರೆಗೆ ಇದ್ದರೆ ಅದು ಒಳ್ಳೆಯ ಕೆಲಸ. ಸುಮಾರು ಶೇ. 8 ದಾಟಿತೆಂದರೆ ಬಿಡಿಬಿಡಿಯಾಗಿದ್ದ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿ ಮಾಡಿಕೊಡುತ್ತವೆ. ಅಜಾಗರೂಕತೆಯಿಂದ ಬಿಟ್ಟ ಉದ್ದಸಂದಿನಲ್ಲಿ ಇದು ಶೇ. 10, 12 ಇರುವುದು ಅಪರೂಪವೇನಲ್ಲ. ಆ ದಾರಿಯಲ್ಲಿ ನೀರು ಇಳಿಯುತ್ತದೆ, ಗಾಳಿಯೂ ಆಡುತ್ತದೆ. ಗಾಳಿಯಲ್ಲಿನ ಆಮ್ಲಜನಕದಿಂದ ಬಿಟುಮೆನ್, ಅಂದರೆ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು, ಬೇಗನೆ ಮುದಿಯಾಗಿ ಪೆಡಸಾಗುತ್ತದೆ. ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುವ ನಮ್ಮ ಜಿಲ್ಲೆಯಲ್ಲಿ ಇಂಥ ಒಂದು ಸಂದು ನಾಲ್ಕು ತಿಂಗಳು ನೀರು ಕುಡಿದು, ಮೇಲಿನಿಂದ ಲಾರಿಯ ಚಕ್ರ ಅದುಮಿದಾಗ ಆ ನೀರನ್ನು ಪಂಪಿನಂತೆ ಒಳಗೂ ಹೊರಗೂ ನೂಕುತ್ತಿದ್ದರೆ, ಜಲ್ಲಿಗೆ ಅಂಟಿದ ಬಿಟುಮೆನ್ ಬಿಟ್ಟುಕೊಡುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕೆಳಗಿನ ಕೆಂಪುಮಣ್ಣಿನ ನೆಲ ನೀರು ಕುಡಿದು ಮೆತ್ತಗಾದರೆ ಕಥೆ ಅಲ್ಲಿಗೆ ಮುಗಿಯಿತು.

ಟೆಂಡರಿಗಿಂತ ಮೊದಲೇ ಯೋಚಿಸಬೇಕಾದ್ದು

ಸಂದೇ ಇಲ್ಲದಿದ್ದರೆ ಅದನ್ನು ಕಾಪಾಡುವ ಚಿಂತೆಯೂ ಇಲ್ಲ. ನಮ್ಮ ಒಳನಾಡಿನ ಎಷ್ಟೋ ರಸ್ತೆಗಳು 5.5 ಮೀಟರ್ ಅಗಲದವು. ಸ್ಕ್ರೀಡನ್ನು, ಅಂದರೆ ಮಿಶ್ರಣವನ್ನು ಸಮನಾಗಿ ಹಾಸುವ ಹಿಂಬದಿಯ ಹಲಗೆಯನ್ನು, ಅಷ್ಟು ಅಗಲಕ್ಕೆ ಎಳೆಯಬಲ್ಲ ಪೇವರ್ ಇದ್ದು, ಬಸ್ಸುಗಳನ್ನು ನಾಲ್ಕಾರು ಗಂಟೆ ಬೇರೆ ದಾರಿಯಲ್ಲಿ ಕಳುಹಿಸಲು ಸಾಧ್ಯವಿದ್ದರೆ ಪೂರ್ಣ ಅಗಲವನ್ನು ಒಂದೇ ಸಲಕ್ಕೆ ಹಾಕಿಬಿಡಬಹುದು. ಅರ್ಧ ದಿನ ರಸ್ತೆ ಮುಚ್ಚಿದ್ದಕ್ಕೆ ಜನ ಬೈಯುತ್ತಾರೆ ಎಂಬುದು ನಿಜ. ಆದರೆ ಬದಲಿ ದಾರಿ ಇರುವಲ್ಲಿಯೂ ಅಭ್ಯಾಸಬಲದಿಂದ ಅರ್ಧರ್ಧ ಹಾಕುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆರು ಪಥದ ರಾಷ್ಟ್ರೀಯ ಹೆದ್ದಾರಿ 66ರಂಥ ಕೆಲಸದಲ್ಲಿ ಒಂದೊಂದು ಬದಿಗೂ ಮೂರು ಪಥಗಳಿರುತ್ತವೆ. ಅಂಥಲ್ಲಿ ಎರಡು ಪೇವರ್‌ಗಳನ್ನು ಒಂದರ ಹಿಂದೆ ಒಂದು ಕೆಲವೇ ಮೀಟರ್ ಅಂತರದಲ್ಲಿ ಓರೆಯಾಗಿ ಓಡಿಸಿದರೆ, ಎರಡೂ ಪಟ್ಟಿಗಳು ಬಿಸಿಯಾಗಿರುವಾಗಲೇ ಕೂಡಿಕೊಂಡು ಸಂದು ಎಲ್ಲಿದೆಯೆಂದೇ ತಿಳಿಯದಂತಾಗುತ್ತದೆ. ಮುಂದಿನ ಪೇವರ್ ಹಾಕಿದ ಪಟ್ಟಿಯ ಒಳ ಅಂಚಿನಲ್ಲಿ ಸುಮಾರು 150 ಮಿ.ಮೀ. ಅಗಲವನ್ನು ರೋಲರ್ ಮುಟ್ಟದೆ ಬಿಡಬೇಕು. ಹಿಂದಿನ ಪೇವರ್ ಬಂದ ಮೇಲೆ ಅದನ್ನೂ ಹೊಸದನ್ನೂ ಒಟ್ಟಿಗೆ ಅದುಮಬೇಕು.

ಅರ್ಧರ್ಧವಾಗಿ ಹಾಕುವುದು ಅನಿವಾರ್ಯವಾದಾಗ ಸಂದು ಎಲ್ಲಿ ಬರಬೇಕೆಂಬುದನ್ನು ಮೊದಲೇ ಗುರುತಿಸಿಕೊಳ್ಳಬೇಕು. ಮೇಲಿನ ಪದರದ ಸಂದು ಪಥಗೆರೆಯ ಜಾಗದಲ್ಲಿ ಬರಬೇಕು. ಚಕ್ರಗಳು ಓಡುವ ಜಾಡಿನಲ್ಲಂತೂ ಬರಲೇಬಾರದು. ಕೆಳಗಿನ ಪದರದ ಸಂದಿನ ನೇರ ಮೇಲೆಯೇ ಮೇಲಿನ ಸಂದು ಬಂದರೆ ನೀರಿಗೆ ತಳದವರೆಗೂ ನೇರ ದಾರಿಯಾಗುತ್ತದೆ. ಆದ್ದರಿಂದ ಎರಡರ ನಡುವೆ ಕನಿಷ್ಠ 150 ಮಿ.ಮೀ., ಸಾಧ್ಯವಿದ್ದಲ್ಲಿ 300 ಮಿ.ಮೀ. ಅಂತರ ಇರಲಿ. ಬಿಎಂ ಹಾಕುವ ದಿನವೇ ಇದನ್ನು ಲೆಕ್ಕ ಹಾಕದಿದ್ದರೆ ಬಿ.ಸಿ. ಪದರ ಹಾಕುವಾಗ ಪಥಗೆರೆಯನ್ನು ಬಿಟ್ಟು ಸರಿಯಬೇಕಾಗುತ್ತದೆ.

ತಿರುವುಗಳಲ್ಲಿ ಇನ್ನೊಂದು ಮಾತು. ಅಲ್ಲಿ ರಸ್ತೆ ಒಂದೇ ಕಡೆಗೆ ಇಳಿಜಾರಾಗಿರುವುದರಿಂದ ಮೇಲಿನ ಅರ್ಧದ ನೀರೆಲ್ಲ ಸಂದನ್ನು ದಾಟಿಯೇ ಕೆಳಗೆ ಹರಿಯಬೇಕು. ಮೊದಲು ತಗ್ಗಿನ ಬದಿಯನ್ನು, ಆಮೇಲೆ ಎತ್ತರದ ಬದಿಯನ್ನು ಹಾಕಿ. ಹೆಂಚು ಹೊದಿಸುವವರು ಸೂರಿನಿಂದ ತೊಡಗಿ ಮಾಡಿನ ತುದಿಗೆ ಏರುವುದು ಯಾವ ಕಾರಣಕ್ಕೋ ಅದೇ ಕಾರಣ ಇಲ್ಲಿಯೂ ಇದೆ. ನಂತರ ಹಾಕಿದ ಬದಿ ಕೂದಲೆಳೆಯಷ್ಟು ಎತ್ತರ ನಿಲ್ಲುವುದರಿಂದ ನೀರು ಸಂದಿನ ಮೇಲಿಂದ ಜಾರಿ ಹೋಗುತ್ತದೆ.

ಮೊದಲ ಅರ್ಧದ ಅಂಚು

ಎಲ್ಲಕ್ಕಿಂತ ಮೊದಲು ಗೆರೆ. ಪೇವರ್ ಚಾಲಕನಿಗೆ ಹಿಡಿದು ನಡೆಯಲು ನೂಲು ಕಟ್ಟಿ ಸುಣ್ಣದ ಗೆರೆ ಎಳೆದುಕೊಡಬೇಕು. ಅಂಚು ಹಾವಿನಂತೆ ಅಂಕುಡೊಂಕಾಗಿ ಹೋದರೆ ಎರಡನೆಯ ಅರ್ಧ ಹಾಕುವಾಗ ಒಂದು ಕಡೆ ಮಿಶ್ರಣ ಹೆಚ್ಚಾಗಿ ಮೇಲೆ ಬೀಳುತ್ತದೆ, ಇನ್ನೊಂದು ಕಡೆ ಸಾಲದೆ ಬಾಯಿ ಬಿಡುತ್ತದೆ. ಇದನ್ನು ರೇಕ್ ಎಂಬ ಹಲ್ಲಿನ ಕೋಲು ಹಿಡಿದವರು ಸರಿಪಡಿಸಲಾರರು. ಪೇವರಿನ ಬದಿಯ ತಗಡು, ಅಂದರೆ ಎಂಡ್ ಗೇಟ್, ನೆಲಕ್ಕೆ ತಾಗಿಕೊಂಡೇ ಸಾಗಬೇಕು. ಅದು ಮೇಲೆದ್ದಿದ್ದರೆ ಅಡಿಯಿಂದ ಮಿಶ್ರಣ ಹೊರಗೆ ಜಾರಿ ಅಂಚು ತೆಳ್ಳಗಾಗುತ್ತದೆ. ಆಗರ್, ಎಂದರೆ ಮಿಶ್ರಣವನ್ನು ಬದಿಗೆ ತಳ್ಳುವ ತಿರುಪು, ಎಂಡ್ ಗೇಟಿನಿಂದ 300ರಿಂದ 450 ಮಿ.ಮೀ. ಹತ್ತಿರದವರೆಗೆ ಬರಬೇಕು. ಸ್ಕ್ರೀಡನ್ನು ಅಗಲಿಸಿ ಆಗರನ್ನು ಅಷ್ಟಕ್ಕೇ ಬಿಟ್ಟರೆ ತುದಿಗೆ ದಪ್ಪ ಜಲ್ಲಿ ಮಾತ್ರ ಉರುಳಿ ತಲುಪುತ್ತದೆ. ಸಣ್ಣ ಕಣವೂ ಬಿಟುಮೆನ್ನೂ ಹಿಂದೆಯೇ ಉಳಿಯುತ್ತವೆ. ಅಂಚು ಜೇನುಗೂಡಿನಂತೆ ಕಂಡರೆ ರೋಲರಿನ ಮೇಲೆ ಸಿಟ್ಟು ಮಾಡುವ ಮೊದಲು ಆಗರನ್ನು ನೋಡಿ.

ಇನ್ನು ರೋಲರ್. ಹೆಚ್ಚಿನ ಚಾಲಕರು ಅಂಚಿಗೆ ಬಂದಾಗ ಡ್ರಮ್ಮನ್ನು ಒಂದು ಗೇಣು ಒಳಗೇ ಇಟ್ಟುಕೊಂಡು ಓಡಿಸುತ್ತಾರೆ. ಅನುಭವವುಳ್ಳ ಚಾಲಕರೊಬ್ಬರು ನನ್ನನ್ನು ಕೇಳಿದ್ದುಂಟು: “ಡ್ರಮ್ ಅಂಚಿನಿಂದ ಹೊರಗೆ ಹೋದರೆ ಅಂಚೇ ಮುರಿದು ಬೀಳುವುದಿಲ್ಲವೇ ಸಾರ್?” ನಾನು ಅವರಿಗೆ ಹತ್ತು ಮೀಟರ್ ಅವರ ರೀತಿಯಲ್ಲಿ, ಇನ್ನು ಹತ್ತು ಮೀಟರ್ ಡ್ರಮ್ 150 ಮಿ.ಮೀ. ಹೊರಗೆ ಚಾಚಿರುವಂತೆ ಓಡಿಸಲು ಹೇಳಿದೆ. ಮೊದಲನೆಯದರಲ್ಲಿ ಡ್ರಮ್ಮಿನ ತುದಿ ಮಿಶ್ರಣಕ್ಕೆ ಕತ್ತಿಯಂತೆ ಇಳಿದು ಹೊರಗಿನ ಪಟ್ಟಿಯನ್ನು ಬದಿಗೆ ತಳ್ಳಿತ್ತು. ಅಂಚಿಗೆ ಸಮಾನಾಂತರವಾಗಿ ಸಣ್ಣ ಬಿರುಕೊಂದು ಕಾಣಿಸಿತ್ತು. ಎರಡನೆಯದರಲ್ಲಿ ಅಂಚು ನಿಂತಲ್ಲೇ ನಿಂತು ನೇರ ಕೆಳಕ್ಕೆ ಅದುಮಿಕೊಂಡಿತ್ತು. ಡ್ರಮ್ಮಿನ ತುದಿ ಗಾಳಿಯಲ್ಲಿದ್ದರೆ ಮಿಶ್ರಣವನ್ನು ಬದಿಗೆ ತಳ್ಳುವ ಮೂಲೆಯೇ ಅಲ್ಲಿರುವುದಿಲ್ಲ. ಆದ್ದರಿಂದ ಆಸರೆಯಿಲ್ಲದ ಅಂಚಿನ ಮೇಲೆ ಮೊದಲ ಓಟದಿಂದಲೇ ಡ್ರಮ್ ಸುಮಾರು 150 ಮಿ.ಮೀ. ಹೊರಗೆ ಚಾಚಿರಬೇಕು. ಗಾಳಿಟಯರಿನ ರೋಲರನ್ನು ಮಾತ್ರ ಈ ಅಂಚಿನ ತೀರ ಹತ್ತಿರ ತರಬೇಡಿ, ಅದರ ಟಯರುಗಳು ಅಂಚನ್ನು ಹೊರಗೆ ಹಿಂಡುತ್ತವೆ.

ಅಂಚು ಪಥದ ನಡುಭಾಗಕ್ಕಿಂತ ಬೇಗ ಆರುತ್ತದೆ. ವಿಜಿ 30 ದರ್ಜೆಯ ಬಿಟುಮೆನ್ನಿನ ಮಿಶ್ರಣವನ್ನು ಹರಡುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಇರಬೇಕು, ರೋಲಿಂಗ್ 90 ಡಿಗ್ರಿಗೆ ಇಳಿಯುವ ಮೊದಲು ಮುಗಿಯಬೇಕು. 30 ಅಥವಾ 40 ಮಿ.ಮೀ. ದಪ್ಪದ ತೆಳು ಪದರದಲ್ಲಿ ಈ ಅವಧಿ ಬಹಳ ಕಡಿಮೆ. ಮಿಶ್ರಣ ಹಾಕಿದ ಕೂಡಲೇ ರೋಲರ್ ಪೇವರಿನ ಬೆನ್ನಿಗೇ ಇರಬೇಕು ಎನ್ನುವುದು ಅದಕ್ಕಾಗಿಯೇ. ಬೆರಳು ತೋರಿಸಿದಲ್ಲಿ ಬಿಸಿ ಅಳೆಯುವ ಕೈಗನ್ ಒಂದನ್ನು ಕೊಂಡು ಜೇಬಿನಲ್ಲಿಟ್ಟುಕೊಂಡರೆ ಎಷ್ಟೋ ವಾದಗಳು ಅಲ್ಲೇ ಮುಗಿಯುತ್ತವೆ.

ಇಷ್ಟೆಲ್ಲ ಮಾಡಿದರೂ ಈ ಅಂಚಿನ ಕೊನೆಯ 50ರಿಂದ 150 ಮಿ.ಮೀ. ಸಡಿಲವಾಗಿಯೇ ಇರುವುದು ಸಹಜ. ಭಾರಿ ವಾಹನ ಓಡುವ ರಸ್ತೆಯಲ್ಲಿ ಅದಕ್ಕಿರುವ ನೇರವಾದ ಉಪಾಯವೆಂದರೆ ಆ ಭಾಗವನ್ನು ಕತ್ತರಿಸಿ ಎಸೆಯುವುದು. ಮೊದಲ ಅರ್ಧವನ್ನು 100 ಮಿ.ಮೀ. ಹೆಚ್ಚು ಅಗಲವಾಗಿ ಹಾಕಿ, ಮಿಶ್ರಣ ಇನ್ನೂ ಸ್ವಲ್ಪ ಬೆಚ್ಚಗಿರುವಾಗಲೇ ರೋಲರಿಗೆ ಸಿಕ್ಕಿಸುವ ಕತ್ತರಿಸುವ ಚಕ್ರದಿಂದ ಸುಣ್ಣದ ಗೆರೆಯ ಮೇಲೆ ಪೂರ್ಣ ಆಳಕ್ಕೆ ಕತ್ತರಿಸಿದರೆ ಲಂಬವಾದ, ಗಟ್ಟಿಯಾದ ಮುಖ ಸಿಗುತ್ತದೆ. ಪೂರ್ತಿ ಆರಿದ ಮೇಲೆ ಗರಗಸದ ಯಂತ್ರದಿಂದಲೂ ಕತ್ತರಿಸಬಹುದು. ಖರ್ಚು ಮತ್ತು ಹೊತ್ತು ಹೆಚ್ಚು. ಗುತ್ತಿಗೆದಾರರ ತಕರಾರು ಇರುವುದು ಪೋಲಾಗುವ ಮಿಶ್ರಣದ ಬಗ್ಗೆ. ಲೆಕ್ಕ ಹಾಕಿ ನೋಡೋಣ: 40 ಮಿ.ಮೀ. ದಪ್ಪದಲ್ಲಿ 100 ಮಿ.ಮೀ. ಅಗಲ ಎಂದರೆ ಕಿಲೋಮೀಟರಿಗೆ 4 ಘನ ಮೀಟರ್, ತೂಕದಲ್ಲಿ ಸುಮಾರು 9.4 ಟನ್. ಒಂದು ಟಿಪ್ಪರ್ ಲೋಡಿನ ಆಸುಪಾಸು. ಮೂರನೆಯ ವರ್ಷ ಸಂದಿನುದ್ದಕ್ಕೂ ಪ್ಯಾಚ್ ಹಾಕುವ ಖರ್ಚಿನ ಮುಂದೆ ಇದೇನೂ ದೊಡ್ಡದಲ್ಲ. ಆದರೆ ಅಂದಾಜುಪಟ್ಟಿಯಲ್ಲಿ ಇದನ್ನು ಮೊದಲೇ ಸೇರಿಸದೆ ಕೆಲಸದ ದಿನ ಗುತ್ತಿಗೆದಾರರ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದನ್ನೂ ಒಪ್ಪಬೇಕು.

ಇನ್ನೊಂದು ಕಟ್ಟುನಿಟ್ಟು: ಆ ದಿನ ಎರಡನೆಯ ಅರ್ಧವನ್ನೂ ಹಾಕಿ ಮುಗಿಸಲು ಆಗುವಷ್ಟು ಉದ್ದವನ್ನು ಮಾತ್ರ ಮೊದಲ ಅರ್ಧವಾಗಿ ಹಾಕಿ. ಇದರ ಬೆಲೆ ನನಗೆ ತಿಳಿದದ್ದು ಬದಿಯಡ್ಕದ ಒಳಭಾಗದ ಒಂದು ರಸ್ತೆಯಲ್ಲಿ. ಶನಿವಾರ ಸಂಜೆಯ ಹೊತ್ತಿಗೆ ಮೊದಲ ಅರ್ಧ ಮುಗಿದಿತ್ತು. ಭಾನುವಾರ ಪ್ಲಾಂಟಿಗೆ ರಜೆ, ಊರಿನಲ್ಲಿ ಎರಡು ಮದುವೆ. ಜೀಪು, ಕಾರು, ರಿಕ್ಷಾಗಳೆಲ್ಲ ಹೊಸ ಡಾಮರಿನ ಮೇಲೆ ಹತ್ತಿ ಇಳಿದು ಅಂಚನ್ನು ಉದುರಿಸಿದವು, ಚಕ್ರಗಳು ತಂದ ಕೆಂಪು ಮಣ್ಣು ಅಂಚಿಗೆ ಮೆತ್ತಿಕೊಂಡಿತು. ಸೋಮವಾರ ಬೆಳಿಗ್ಗೆ ಟಿಪ್ಪರುಗಳು ಬಂದು ಸಾಲಾಗಿ ನಿಂತವು, ಅಂಚಿಗೆ ಬಳಿಯುವ ಎಮಲ್ಶನ್ನಿನ (ನೀರಿನಲ್ಲಿ ಕದಡಿದ ಬಿಟುಮೆನ್) ಬ್ಯಾರಲ್ ಮಾತ್ರ ಬಂದಿರಲಿಲ್ಲ. ಮಿಶ್ರಣ ಆರುತ್ತದೆ, ಹಾಕಿಬಿಡುವ ಎಂದರು. ನಾನೂ ಹೂಂ ಎಂದೆ. ಮೊದಲ ಆಟಿ ತಿಂಗಳ ಮಳೆಯಲ್ಲಿ ನಡುವೆ ಒದ್ದೆ ಗೆರೆ ಕಂಡಿತು. ಎರಡನೆಯ ಮಳೆಗಾಲದ ಕೊನೆಗೆ ಸಂದಿನ ಜಲ್ಲಿ ಎದ್ದು ಬದಿಗೆ ಚೆಲ್ಲಿತು. ಮೂರನೆಯ ವರ್ಷ ಆ ರಸ್ತೆಯಲ್ಲಿ ಬೈಕಿನಲ್ಲಿ ಹೋಗುವಾಗ ನೋಡಿದರೆ ಸಂದಿನ ಉದ್ದಕ್ಕೂ ಗರಿಕೆ ಚಿಗುರಿತ್ತು. ಯಾರೋ ಬಿತ್ತಿ ಬೆಳೆಸಿದಂತೆ ನೇರ ಸಾಲು.

ತಣ್ಣಗಾದ ಅಂಚನ್ನು ಸಿದ್ಧಗೊಳಿಸುವುದು

ಉದುರಿದ, ಸಡಿಲವಾದ ಮಿಶ್ರಣವನ್ನೆಲ್ಲ ಕಿತ್ತು ತೆಗೆಯಬೇಕು. ಅದನ್ನು ಎರಡನೆಯ ಅರ್ಧದ ಅಡಿಗೆ ಗುಡಿಸಿ ಬಿಡುವುದು ಸಾಮಾನ್ಯವಾಗಿ ಕಾಣುವ ಕಳ್ಳತನ. ಅಂಚಿನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸಾಧ್ಯವಿದ್ದರೆ ಕಂಪ್ರೆಸರಿನ ಗಾಳಿಯಿಂದ ಊದಿ, ಮಣ್ಣು ಮತ್ತು ಜಲ್ಲಿಪುಡಿ ಉಳಿಯದಂತೆ ಮಾಡಿ. ಒದ್ದೆಯಿದ್ದರೆ ಒಣಗುವವರೆಗೆ ಕಾಯಬೇಕು.

ಅನಂತರ ಆ ಮುಖಕ್ಕೆ ಬಿಟುಮೆನ್ ಬಳಿಯಬೇಕು. ಹೊಸ ಪದರ ಅಂಟಲೆಂದು ರಸ್ತೆಯ ಮೈಗೆ ಸಿಂಪಡಿಸುವ ಟ್ಯಾಕ್ ಕೋಟ್ ಅಂಚಿಗೂ ತಾಗಿರುತ್ತದೆ ಎಂದು ನಂಬುವವರಿದ್ದಾರೆ. ಸಿಂಪಡಣೆ ಮೇಲಿನಿಂದ ಬೀಳುತ್ತದೆ, ಅಂಚಿನ ಮುಖ ಲಂಬವಾಗಿರುತ್ತದೆ. ಅಲ್ಲಿಗೆ ತಾಗುವುದು ಏನೂ ಇಲ್ಲ. ಆದ್ದರಿಂದ ಒಬ್ಬರು ಬ್ರಷ್ ಹಿಡಿದು ಬಗ್ಗಿ ಬಳಿಯಲೇಬೇಕು. ಬಿಸಿ ಬಿಟುಮೆನ್ ಸಿಕ್ಕರೆ ಅದು ಒಳ್ಳೆಯದು. ಬೇಗ ಒಡೆಯುವ ಎಮಲ್ಶನ್ ಆದರೆ ಅದರಲ್ಲಿ ಬಿಟುಮೆನ್ ಇರುವುದು ಸುಮಾರು ಶೇ. 60, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ ಒಂದು ಕೈ ಸಾಲದು, ಮೊದಲಿನದು ಕಂದು ಬಣ್ಣದಿಂದ ಕಪ್ಪಿಗೆ ತಿರುಗಿದ ಮೇಲೆ ಎರಡನೆಯ ಕೈ ಬಳಿಯಬೇಕು. ಕಂದು ಇರುವಾಗಲೇ ಬಿಸಿ ಮಿಶ್ರಣ ಸುರಿದರೆ ಒಳಗಿನ ನೀರು ಆವಿಯಾಗಿ ಅಂಟನ್ನು ಕೆಡಿಸುತ್ತದೆ. ಬಳಿದು ಮುಗಿದ ಮೇಲೆ ಮುಖದಲ್ಲಿ ಬರಿಯ ಕಲ್ಲು ಎಲ್ಲಿಯೂ ಬಿಳಿಯಾಗಿ ಕಾಣಿಸಬಾರದು. ಅಮೆರಿಕದ ಇಲಿನಾಯ್ ರಾಜ್ಯದವರು ಈ ಶತಮಾನದ ಆರಂಭದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಸಂದು ಬರುವ ಜಾಗದ ಅಡಿಯಲ್ಲಿ ಪಾಲಿಮರ್ ಸೇರಿಸಿದ ಬಿಟುಮೆನ್ನಿನ ದಪ್ಪ ಪಟ್ಟಿಯೊಂದನ್ನು ಮೊದಲೇ ಹಾಕಿದರು. ಮೇಲಿಂದ ಬಿಸಿ ಮಿಶ್ರಣ ಬಿದ್ದಾಗ ಅದು ಕರಗಿ, ಕೆಳಗಿನಿಂದ ಮೇಲಕ್ಕೆ ಏರಿ ರಂಧ್ರಗಳನ್ನು ತುಂಬುತ್ತದೆ. ನಮ್ಮ ಪಂಚಾಯತು ರಸ್ತೆಯ ಅಂದಾಜುಪಟ್ಟಿಗೆ ಹೊಂದುವ ಮಾತಲ್ಲ ಅದು; ಬ್ರಷ್ ಮತ್ತು ಬಕೆಟ್ ನಮಗೆ ಸಾಕು, ಹಿಡಿಯುವವರು ಬೇಕು ಅಷ್ಟೆ.

ಎರಡನೆಯ ಅರ್ಧ

ಹೊಸ ಮಿಶ್ರಣವು ತಣ್ಣಗಿನ ಬದಿಯ ಮೇಲೆ ಸುಮಾರು 25 ಮಿ.ಮೀ. ಹತ್ತಿಕೊಂಡು ಬೀಳಬೇಕು. ಕತ್ತರಿಸಿದ ಲಂಬ ಅಂಚಾದರೆ 10ರಿಂದ 15 ಮಿ.ಮೀ. ಸಾಕು. ಅದಕ್ಕಿಂತ ಮುಖ್ಯವಾದದ್ದು ದಪ್ಪ. ಹರಡಿದ ಮಿಶ್ರಣ ರೋಲಿಂಗಿನ ನಂತರ ಇಳಿಯುವುದರಿಂದ, ಅಂತಿಮ ದಪ್ಪಕ್ಕಿಂತ ಅಂದಾಜು ಕಾಲು ಭಾಗ ಹೆಚ್ಚು ಇರಬೇಕು: 40 ಮಿ.ಮೀ. ಬೇಕಿದ್ದರೆ ಹರಡುವಾಗ 50, 30 ಬೇಕಿದ್ದರೆ 37 ಅಥವಾ 38. ಎಂದರೆ 40 ಮಿ.ಮೀ. ಪದರದಲ್ಲಿ ಸ್ಕ್ರೀಡಿನ ಅಡಿಭಾಗ ತಣ್ಣಗಿನ ಬದಿಗಿಂತ 10 ಮಿ.ಮೀ. ಮೇಲೆ ಸಾಗಬೇಕು. ಆ ಎತ್ತರ ಇರದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉಕ್ಕಿನ ಡ್ರಮ್ ಬಗ್ಗುವುದಿಲ್ಲ. ಅದರ ಒಂದು ತುದಿ ಆಗಲೇ ಗಟ್ಟಿಯಾದ ಹಳೆಯ ಬದಿಯ ಮೇಲೆ ನಿಂತರೆ ಭಾರವೆಲ್ಲ ಅಲ್ಲಿಗೆ ಹೋಗುತ್ತದೆ, ಪಕ್ಕದ ಬಿಸಿ ಮಿಶ್ರಣವನ್ನು ಅದು ಸವರಿಕೊಂಡು ಹೋಗುತ್ತದೆಯೇ ಹೊರತು ಅದುಮುವುದಿಲ್ಲ. ತೋಡಿಗೆ ಅಡ್ಡ ಹಾಕಿದ ಅಡಿಕೆಮರದ ಸಂಕದ ಮೇಲೆ ನಡೆದರೆ ಕೆಳಗಿನ ನೀರಿಗೆ ನಮ್ಮ ಭಾರ ತಿಳಿಯುವುದೇ ಇಲ್ಲವಲ್ಲ, ಹಾಗೆ. ಮೇಲ್ನೋಟಕ್ಕೆ ಸಂದು ನುಣುಪಾಗಿ, ಸಮತಟ್ಟಾಗಿ, ಅಂದವಾಗಿ ಕಾಣುತ್ತದೆ, ಒಳಗೆ ಟೊಳ್ಳು. ಆದ್ದರಿಂದ ಕೆಲಸ ಮುಗಿದಾಗ ನಂತರ ಹಾಕಿದ ಬದಿಯು 2 ಅಥವಾ 3 ಮಿ.ಮೀ. ಎತ್ತರದಲ್ಲಿ ಉಳಿದಿದ್ದರೆ ಅದು ದೋಷವಲ್ಲ, ಮಿಶ್ರಣ ಸಾಕಷ್ಟು ಇತ್ತು ಎಂಬುದಕ್ಕೆ ಸಾಕ್ಷಿ. ಕೈಯಾಡಿಸಿ ಏಣು ಸಿಗುತ್ತದೆ ಎಂದು ಅದನ್ನು ದೂರುವ ಮೇಲಧಿಕಾರಿಗಳಿಗೆ ಇದನ್ನು ವಿವರಿಸಿ ಹೇಳುವ ತಾಳ್ಮೆ ಬೇಕು.

ಸಂದಿಗೆ ಹೆಚ್ಚು ಕೇಡು ಮಾಡುವ ಉಪಕರಣ ಯಾವುದೆಂದು ಕೇಳಿದರೆ ನಾನು ರೇಕ್ ಎನ್ನುತ್ತೇನೆ. ರೇಕ್ ಹಿಡಿದವರು ಅಂದಕ್ಕಾಗಿ ಏಣನ್ನು ಎಳೆದು, ಹೆಚ್ಚಾದ ಮಿಶ್ರಣವನ್ನು ಬಿಸಿ ಪಟ್ಟಿಯ ಮೇಲೆಲ್ಲ ಎರಚಿ, ಸಂದಿನ ಮೇಲೆ ಒಂದು ತಗ್ಗನ್ನು ಬಿಟ್ಟು ಮುಂದೆ ಹೋಗುತ್ತಾರೆ. ಸಂದಿಗೆ ಬೇಕಾಗಿದ್ದ ಮಿಶ್ರಣವೇ ಅಲ್ಲಿಂದ ಹೊರಟುಹೋಯಿತು. ಎರಚಿದ ದಪ್ಪ ಜಲ್ಲಿ ಪಥದ ಮೇಲೆ ಒರಟು ಕಲೆಯಾಗಿ ಉಳಿಯುತ್ತದೆ. ಹತ್ತಿಕೊಂಡ ಅಗಲ ಸರಿಯಾಗಿದ್ದರೆ ರೇಕನ್ನು ಮುಟ್ಟಲೇಬೇಡಿ ಎಂಬುದು ನನ್ನ ಅಭಿಪ್ರಾಯ. ಒಂದು ವೇಳೆ 40, 50 ಮಿ.ಮೀ. ಹತ್ತಿಕೊಂಡು ಬಿದ್ದಿದ್ದರೆ, ರೇಕಿನ ಬೆನ್ನಿನಿಂದ ಅದನ್ನು ಬಿಸಿ ಬದಿಯ ಸಂದಿನ ಬಾಯಿಗೇ ಒತ್ತಿ ಸಣ್ಣ ದಿಬ್ಬದಂತೆ ನಿಲ್ಲಿಸಬೇಕು; ರೋಲರ್ ಆ ದಿಬ್ಬವನ್ನು ಸಂದಿನೊಳಕ್ಕೆ ತುರುಕುತ್ತದೆ.

ರೋಲಿಂಗ್ ಯಾವ ಬದಿಯಿಂದ ಎಂಬುದರಲ್ಲಿ ಎರಡು ಒಪ್ಪಬಹುದಾದ ಕ್ರಮಗಳಿವೆ. ಒಂದರಲ್ಲಿ ಡ್ರಮ್ಮಿನ ಬಹುಭಾಗ ಬಿಸಿ ಬದಿಯ ಮೇಲಿದ್ದು 150 ಮಿ.ಮೀ. ಮಾತ್ರ ತಣ್ಣಗಿನ ಬದಿಗೆ ಚಾಚಿಕೊಂಡು ಮೊದಲ ಓಟ ನಡೆಯುತ್ತದೆ. ಇನ್ನೊಂದರಲ್ಲಿ ಮೊದಲ ಓಟವನ್ನು ಬಿಸಿ ಬದಿಯಲ್ಲಿ, ಸಂದಿನಿಂದ 150ರಿಂದ 300 ಮಿ.ಮೀ. ದೂರದಲ್ಲಿ ಮಾಡಿ, ಆ ಕಿರಿದಾದ ಪಟ್ಟಿಯ ಮಿಶ್ರಣವನ್ನು ಸಂದಿನ ಕಡೆಗೆ ಹಿಂಡಿ, ಎರಡನೆಯ ಓಟದಲ್ಲಿ ಸಂದಿನ ಮೇಲೆ ಹೋಗುತ್ತಾರೆ. ನುಣುಪಾದ, ಬೇಗ ಸರಿಯುವ ಮಿಶ್ರಣಕ್ಕೆ ನಾನು ಮೊದಲನೆಯದನ್ನೇ ಆಯ್ದುಕೊಳ್ಳುತ್ತೇನೆ, ಏಕೆಂದರೆ ಎರಡನೆಯದರಲ್ಲಿ ಡ್ರಮ್ಮಿನ ತುದಿಯ ಬಳಿ ಬಿರುಕು ಮೂಡುವುದನ್ನು ಕಂಡಿದ್ದೇನೆ. ಮಾಡಲೇಬಾರದ್ದೆಂದರೆ ರೋಲರನ್ನು ತಣ್ಣಗಿನ ಬದಿಯ ಮೇಲೆ ನಿಲ್ಲಿಸಿ ಬಿಸಿ ಬದಿಗೆ ಒಂದು ಗೇಣು ಮಾತ್ರ ಚಾಚಿ ಓಡಿಸುವುದು. ಹಾಗೆ ಮಾಡುವಷ್ಟರಲ್ಲಿ ಉಳಿದ ಪಥ ಆರಿಹೋಗುತ್ತದೆ. ಕಂಪನ ಹಾಕಿ ಓಡಿಸಿದರೆ ಗಟ್ಟಿಯಾದ ಹಳೆಯ ಬದಿಯ ಜಲ್ಲಿಯೂ ಒಡೆಯುತ್ತದೆ. ಈಗ ಸಂದಿಗೆ ಎರಡೂ ಕಡೆ ಆಸರೆ ಇರುವುದರಿಂದ ಗಾಳಿಟಯರಿನ ರೋಲರನ್ನು ಧಾರಾಳವಾಗಿ ಅದರ ಮೇಲೆ ಓಡಿಸಬಹುದು. ಡ್ರಮ್ ತಲುಪದ ಸಣ್ಣ ತಗ್ಗುಗಳಿಗೂ ಟಯರು ಇಳಿದು ಮಿಶ್ರಣವನ್ನು ನಾದುತ್ತದೆ.

ಸಂದು ಹೇಗಿದೆಯೆಂದು ತಿಳಿಯುವುದು

ಕೋರ್, ಅಂದರೆ ಪರೀಕ್ಷೆಗಾಗಿ ರಸ್ತೆಯಿಂದ ಕೊರೆದು ತೆಗೆಯುವ ಉರುಟು ತುಂಡು, ತೆಗೆಯುವಾಗ ಸಾಮಾನ್ಯವಾಗಿ ಪಥದ ನಡುಭಾಗದಿಂದ ತೆಗೆಯುತ್ತಾರೆ. ಅಲ್ಲಿ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಸಂದಿನಿಂದಲೂ ಒಂದೆರಡು ಕೋರ್ ಕೇಳಿ, 150 ಮಿ.ಮೀ. ವ್ಯಾಸದ್ದಾದರೆ ಎರಡೂ ಬದಿಗಳು ಅದರಲ್ಲಿ ಬರುತ್ತವೆ. ಉದಾಹರಣೆಗೆ, ಮಿಶ್ರಣದ ಗರಿಷ್ಠ ಸೈದ್ಧಾಂತಿಕ ಸಾಂದ್ರತೆ (ರಂಧ್ರವೇ ಇಲ್ಲದಿದ್ದರೆ ಇರುವ ಸಾಂದ್ರತೆ) 2.520 ಎಂದಿಟ್ಟುಕೊಳ್ಳಿ. ಪಥದ ನಡುವಿನ ಕೋರ್ 2.350 ಬಂದರೆ ಅದು ಶೇ. 93.3, ರಂಧ್ರ ಶೇ. 6.7. ಸಂದಿನ ಕೋರ್ 2.240 ಬಂದರೆ ಶೇ. 88.9, ರಂಧ್ರ ಶೇ. 11.1. ಪಥದಲ್ಲಿ ಶೇ. 92ಕ್ಕಿಂತ ಕಡಿಮೆಯಾಗಬಾರದು, ಸಂದಿನಲ್ಲಿ ಶೇ. 90ಕ್ಕಿಂತ ಕೆಳಗೆ ಹೋಗಬಾರದು ಎಂದು ಇಟ್ಟುಕೊಂಡರೆ ಸಂದಿನ ಈ ಅಂಕಿ ಅನುತ್ತೀರ್ಣ. ಕೋರಿನ ಬದಿಯನ್ನು ಕಣ್ಣಿನಿಂದಲೂ ನೋಡಿ. ಎರಡು ಬದಿಗಳ ನಡುವೆ ಬಿಟುಮೆನ್ನಿನ ತೆಳು ಕಪ್ಪು ಗೆರೆ ಕಂಡರೆ ಬ್ರಷ್ ಓಡಿದೆ. ಕೈಯಲ್ಲಿ ಹಿಡಿಯುವಾಗಲೇ ಅದು ಎರಡು ಹೋಳಾದರೆ ಬೇರೆ ಪರೀಕ್ಷೆ ಬೇಕಿಲ್ಲ.

ಕೋರ್ ತೆಗೆಯುವ ಅನುಕೂಲ ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಬಾಯಿ ಮೇಲಾಗಿ ಸಂದಿನ ಮೇಲೆ ನಿಲ್ಲಿಸಿ, ಸುತ್ತ ಜೇಡಿಮಣ್ಣು ಮೆತ್ತಿ ನೀರು ತುಂಬಿ. ಅದನ್ನೇ ಪಥದ ನಡುವೆಯೂ ಮಾಡಿ. ಇದು ಅಳತೆಯಲ್ಲ, ಹೋಲಿಕೆ ಮಾತ್ರ; ಆದರೆ ಒಂದರಲ್ಲಿ ನೀರು ನಿಂತೇ ಇರುವಾಗ ಇನ್ನೊಂದರಲ್ಲಿ ಕಣ್ಣೆದುರೇ ಇಳಿದುಹೋಗುವುದನ್ನು ಕಂಡವರಿಗೆ ಶೇಕಡಾ ಲೆಕ್ಕ ವಿವರಿಸುವ ಕಷ್ಟ ಇರುವುದಿಲ್ಲ.

ಮಳೆಗಾಲಕ್ಕೆ ಮುನ್ನ

ಹಾಕಿದ ರಸ್ತೆಯ ಸಂದು ಸಡಿಲವಾಗಿದೆ ಎಂದು ತಿಳಿದ ಮೇಲೂ ಅದನ್ನು ಉಳಿಸಿಕೊಳ್ಳಬಹುದು. ಬಿರುಕು ಇನ್ನೂ ಕಾಣದೆ ಬರಿ ರಂಧ್ರಗಳಿದ್ದರೆ, ನಿಧಾನವಾಗಿ ಒಡೆಯುವ ಎಮಲ್ಶನ್ನಿಗೆ ಸಮ ಪ್ರಮಾಣದ ನೀರು ಬೆರೆಸಿ, ಸಂದಿನ ಎರಡೂ ಕಡೆ ಸೇರಿ ಸುಮಾರು 450ರಿಂದ 600 ಮಿ.ಮೀ. ಅಗಲಕ್ಕೆ ಸಿಂಪಡಿಸಿದರೆ ಅದು ರಂಧ್ರಗಳಿಗೆ ಇಳಿಯುತ್ತದೆ. ಹೆಚ್ಚು ಸುರಿದರೆ ಮೇಲೆ ಪದರವಾಗಿ ನಿಂತು ಬೈಕುಗಳು ಜಾರುತ್ತವೆ. ಆದ್ದರಿಂದ ತೆಳುವಾಗಿ ಹಾಕಿ, ಮೇಲೆ ಸಣ್ಣ ಜಲ್ಲಿಪುಡಿ ಉದುರಿಸಿ, ಒಡೆದು ಕಪ್ಪಾದ ಮೇಲೆ ಮಾತ್ರ ವಾಹನ ಬಿಡಿ. ಗೆರೆಯ ಬಣ್ಣ ಬಳಿಯುವ ಮೊದಲೇ ಇದು ಮುಗಿದಿರಬೇಕು.

ಬಿರುಕು ಬಿಟ್ಟಿದ್ದರೆ ಅಗಲ ನೋಡಿ ತೀರ್ಮಾನಿಸಬೇಕು. 3 ಮಿ.ಮೀ.ಗಿಂತ ಕಿರಿದಾದದ್ದಕ್ಕೆ ಎಮಲ್ಶನ್ ಸಾಕು. ಅದಕ್ಕಿಂತ ಅಗಲವಾದದ್ದನ್ನು ಗಾಳಿಯಿಂದ ಊದಿ, ಹುಲ್ಲಿನ ಬೇರು ಸಹಿತ ಕಿತ್ತು, ಒಣಗಿಸಿ, ಪಾಲಿಮರ್ ಸೇರಿದ ಬಿಸಿ ಸೀಲೆಂಟನ್ನು ತುಂಬಬೇಕು. ಜಲ್ಲಿ ಎದ್ದು ಹೋಗಿ ಬಾಯಿ ಬಿಟ್ಟಿದ್ದರೆ ಎರಡೂ ಬದಿಗೆ ಗಟ್ಟಿ ಭಾಗ ಸಿಗುವವರೆಗೆ, ಕಡಿಮೆಯೆಂದರೆ 300 ಮಿ.ಮೀ. ಕತ್ತರಿಸಿ ತೆಗೆದು ಹೊಸ ಮಿಶ್ರಣ ತುಂಬುವುದೊಂದೇ ದಾರಿ. ಆದರೆ ಒಂದು ಸಂದನ್ನು ಕಿತ್ತಾಗ ಅದರ ಜಾಗದಲ್ಲಿ ಎರಡು ಹೊಸ ಸಂದುಗಳು ಹುಟ್ಟುತ್ತವೆ ಎಂಬುದು ನೆನಪಿರಲಿ; ಮೇಲೆ ಹೇಳಿದ ಬ್ರಷ್ಷಿನ ಕೆಲಸವನ್ನು ಈಗ ಎರಡು ಪಟ್ಟು ಮಾಡಬೇಕು.

ಎಲ್ಲ ಸರಿಯಾಗಿ ಮಾಡಿದ ಮೇಲೆ ಸಂದನ್ನು ಕೆಡಿಸುವ ಇನ್ನೆರಡು ಕೆಲಸಗಳು ಇತರರ ಕೈಯಲ್ಲಿವೆ. ರಾತ್ರಿ ಮಿನುಗುವ ರೋಡ್ ಸ್ಟಡ್‌ಗಳನ್ನು ಕೂರಿಸುವವರು ನೇರವಾಗಿ ಸಂದಿನ ಮೇಲೆಯೇ ಡ್ರಿಲ್ ಹಾಕುತ್ತಾರೆ, ಏಕೆಂದರೆ ಅವರಿಗೆ ಸಂದೇ ಗುರುತಿನ ಗೆರೆ. 50ರಿಂದ 100 ಮಿ.ಮೀ. ಪಕ್ಕಕ್ಕೆ ಕೂರಿಸಲು ಮೊದಲೇ ಹೇಳಿ, ಸುಣ್ಣದ ಗೆರೆ ಹಾಕಿಕೊಡಿ. ಇನ್ನೊಂದು ನೀರಿನ ಪೈಪಿನ ಅಗೆತ. ರಸ್ತೆಯ ಉದ್ದಕ್ಕೆ ಚಾನಲು ತೆಗೆದು ಮುಚ್ಚಿದಾಗ ಅದರ ಎರಡು ಅಂಚುಗಳೂ ಉದ್ದಸಂದುಗಳೇ ಆಗುತ್ತವೆ, ಅದೂ ಬಹುಪಾಲು ಚಕ್ರದ ಜಾಡಿನಲ್ಲಿ. ಮಣ್ಣು ತುಂಬಿ ಅದುಮಿದ ಮೇಲೆ, ಡಾಮರು ಹಾಕುವ ಮೊದಲು, ಚಾನಲಿನ ಎರಡೂ ಬದಿಯ ಹಳೆಯ ಡಾಮರನ್ನು 150ರಿಂದ 300 ಮಿ.ಮೀ. ಹೊರಕ್ಕೆ ಗರಗಸದಿಂದ ಕತ್ತರಿಸಿ ತೆಗೆದರೆ ಹೊಸ ಪದರದ ಅಂಚು ಸಡಿಲ ಮಣ್ಣಿನ ಮೇಲೆ ನಿಲ್ಲದೆ ಗಟ್ಟಿ ತಳದ ಮೇಲೆ ಕುಳಿತುಕೊಳ್ಳುತ್ತದೆ. ಸೀಲಿಂಗ್ ಕೆಲಸವನ್ನೆಲ್ಲ ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ ಬರುವ ಗುಡುಗುಮಳೆ ಎಮಲ್ಶನ್ ಒಡೆಯುವವರೆಗೆ ಕಾಯುವುದಿಲ್ಲ.